ಯುಟಿವಿ ಕ್ಯಾಬಿನ್: ಧೂಳು ನುಗ್ಗುವುದು ಹಿಂದಿನಿಂದ

ಒಣ ಮಣ್ಣಿನ ದಾರಿಯಲ್ಲಿ ಅರ್ಧ ದಿನ ಓಡಿ ಬಂದ ಯುಟಿವಿಯನ್ನು, ಅಂದರೆ ಹೊಲ, ಕಾಡಿನ ಕಚ್ಚಾ ದಾರಿಗೆಂದೇ ಮಾಡಿದ ಸಣ್ಣ ಗಾಡಿಯನ್ನು, ತೊಳೆಯುವ ಮೊದಲು ಅದರ ಒಳಗನ್ನು ನಿಧಾನವಾಗಿ ನೋಡಬೇಕು. ಮುಂದಿನ ಗಾಜಿನ ಒಳಮೈಗೆ ತೆಳ್ಳನೆಯ ಪೊರೆ ಕೂತಿರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ. ಸೀಟಿನ ಬೆನ್ನ ಹಿಂದೆ, ಸೀಟ್ ಬೆಲ್ಟಿನ ಸುರುಳಿ ಇರುವ ಮೂಲೆಯಲ್ಲಿ ಮಾತ್ರ ಜರಡಿಯಿಂದ ಉದುರಿದ ಹಿಟ್ಟಿನಂತೆ ಧೂಳು ಗುಪ್ಪೆಗುಪ್ಪೆಯಾಗಿ ಬಿದ್ದಿರುತ್ತದೆ. ಓಡಿಸಿದವರ ಮುಖಕ್ಕಿಂತ ಕತ್ತಿನ ಹಿಂಭಾಗವೇ ಹೆಚ್ಚು ಮಾಸಿರುತ್ತದೆ. ಗಾಡಿ ಓಡಿದ್ದು ಮುಂದಕ್ಕೆ, ಗಾಳಿ ಹೊಡೆದದ್ದು ಎದುರಿನಿಂದ, ಧೂಳು ತುಂಬಿದ್ದು ಹಿಂದೆ. ಈ ಗುರುತನ್ನು ಸರಿಯಾಗಿ ಓದಿಕೊಂಡರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿ ತಿಳಿಯುತ್ತದೆ.

ಯುಟಿವಿ ಕಾರಿನಂತೆ ಒಂದೇ ಚಿಪ್ಪಿನ ಗಾಡಿಯಲ್ಲ. ಕೊಳವೆಗಳನ್ನು ಬೆಸೆದ ಪಂಜರ, ಅದರ ಮೇಲೊಂದು ಛಾವಣಿ, ಮುಂದೊಂದು ಗಾಜು, ಪಕ್ಕಕ್ಕೆ ಬಾಗಿಲು, ಹಿಂದೆ ಸರಕು ಹೇರುವ ತೊಟ್ಟಿ. ಎಂಜಿನ್ ಬಹುತೇಕ ಸೀಟಿನ ಅಡಿಯಲ್ಲಿ ಅಥವಾ ಬೆನ್ನ ಹಿಂದೆ. ಬಿಡಿಬಿಡಿಯಾಗಿ ಕೂಡಿಸಿದ ಈ ಭಾಗಗಳ ನಡುವೆ ಸಂದು ಇರುವುದು ಸಹಜ. ಎಲ್ಲ ಸಂದನ್ನೂ ಅಂಟು ಹಾಕಿ ಮುಚ್ಚುತ್ತೇನೆ ಎಂದು ಹೊರಟವರು ಒಂದೆರಡು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ, ಏಕೆಂದರೆ ಹೊಂಡ ಹತ್ತಿ ಇಳಿಯುವಾಗ ಪಂಜರವೇ ಕೊಂಚ ತಿರುಚಿಕೊಳ್ಳುತ್ತದೆ, ಮುಚ್ಚಿದ ಸಂದು ಮತ್ತೆ ಬಿರಿಯುತ್ತದೆ. ಧೂಳನ್ನು ಗೆಲ್ಲುವ ದಾರಿ ಒಂದೇ: ಸಂದುಗಳನ್ನು ಆದಷ್ಟು ಕಿರಿದಾಗಿಸಿ, ಉಳಿದ ಸಂದುಗಳಲ್ಲಿ ಗಾಳಿ ಒಳಗಿನಿಂದ ಹೊರಕ್ಕೆ ಹರಿಯುವಂತೆ ಮಾಡುವುದು. ಹೊರಕ್ಕೆ ಹರಿಯುವ ಗಾಳಿಗೆ ಎದುರಾಗಿ ಧೂಳು ಒಳಗೆ ಈಜಿ ಬರಲಾರದು.

ಮುಂದಿನ ಗಾಜು ಹಾಕಿದ ಮೇಲೆ ಧೂಳು ಹೆಚ್ಚಾಯಿತೇಕೆ?

ಹೆಚ್ಚಿನವರು ಮಾಡುವ ಮೊದಲ ಕೆಲಸ ಮುಂದೆ ಪೂರ್ತಿ ಗಾಜು ಹಾಕಿಸುವುದು. ಮಾರನೆಯ ದಿನವೇ ಧೂಳು ಮೊದಲಿಗಿಂತ ಜಾಸ್ತಿ. ಗಾಜಿನ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಓಡುವ ಗಾಡಿಯ ಮುಂಭಾಗ ಗಾಳಿಯನ್ನು ಸೀಳಿ ಪಕ್ಕಕ್ಕೂ ಮೇಲಕ್ಕೂ ತಳ್ಳುತ್ತದೆ. ಹಾಗೆ ಸರಿದ ಗಾಳಿ ಗಾಡಿಯ ಹಿಂದೆ ತಕ್ಷಣ ಕೂಡಿಕೊಳ್ಳುವುದಿಲ್ಲ. ಅಲ್ಲಿ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಇದೇ ಸುಳಿಗೆ ಸಿಕ್ಕಿ, ತೊಟ್ಟಿಯ ಮೇಲೆ ಹಿಂದಿನಿಂದ ಮುಂದಕ್ಕೆ ಉರುಳಿ ಬರುತ್ತದೆ. ಗಾಜು ಇಲ್ಲದಿದ್ದಾಗ ಎದುರು ಗಾಳಿ ಕ್ಯಾಬಿನ್ ಮೂಲಕವೇ ಹಾದು ಈ ಧೂಳನ್ನು ಹಿಂದಕ್ಕೆ ನೂಕುತ್ತಿತ್ತು. ಗಾಜು ಬಂದ ಕೂಡಲೇ ಆ ಹರಿವು ನಿಂತಿತು, ಸುಳಿಗೆ ಕ್ಯಾಬಿನ್ ತೆರೆದ ಗುಹೆಯಾಯಿತು.

ಈ ಬಲಗಳ ಅಳತೆಯನ್ನು ತಿಳಿದಿರುವುದು ಒಳ್ಳೆಯದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎದುರು ಗಾಳಿ ಗಾಡಿಯ ಮುಖದ ಮೇಲೆ ಹಾಕುವ ಒತ್ತಡ ಸುಮಾರು 75 ಪಾಸ್ಕಲ್. ವೇಗ 60 ಆದರೆ ಅದು 165 ದಾಟುತ್ತದೆ. ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಹಿಂದಿನ ಸೆಳೆತ ಇದರ ಒಂದು ಪಾಲು ಮಾತ್ರ. ನಮ್ಮ ಸುತ್ತಲ ವಾತಾವರಣದ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್ ಎಂಬುದನ್ನು ನೆನೆದರೆ ಇವು ಕ್ಷುಲ್ಲಕ ಅಂಕಿಗಳು. 25 ಪಾಸ್ಕಲ್ ಅಂದರೆ ಎರಡು ಮೀಟರ್ ಏಣಿ ಹತ್ತಿದಾಗ ಇಳಿಯುವಷ್ಟು ಒತ್ತಡ, ಕಿವಿಗೂ ಗೊತ್ತಾಗದು. ಆದರೆ ಹಿಟ್ಟಿನಂಥ ಧೂಳನ್ನು ಒಳಗೆಳೆಯಲು ಅಷ್ಟು ಸಾಕು. ಇದೇ ಮಾತು ನಮ್ಮ ಪರವಾಗಿಯೂ ನಿಲ್ಲುತ್ತದೆ: ಅದನ್ನು ಹೊರಗೆ ತಡೆಯಲೂ ಅಷ್ಟೇ ಸಣ್ಣ ಒತ್ತಡ ಸಾಕು.

ಅರ್ಧ ಗಾಜಿನ ಬಗ್ಗೆ ಒಂದು ಮಾತು. ಅದರ ಮೇಲಂಚಿನಿಂದ ಜಾರಿದ ಗಾಳಿ ನೇರ ಮುಖದ ಎತ್ತರದಲ್ಲಿ ಸುಳಿಯುತ್ತದೆ. ಧೂಳಿನ ದೃಷ್ಟಿಯಿಂದ ಅದು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಹಾಗಾಗಿ ಮೊದಲು ಹಿಂದಿನ ಗೋಡೆ. ಛಾವಣಿಯಿಂದ ಸೀಟಿನ ಬೆನ್ನ ಕೆಳಗಿನವರೆಗೆ ಪೂರ್ತಿ ಮುಚ್ಚುವ ಪಾಲಿಕಾರ್ಬೊನೇಟ್ (ಗಾಜಿನಂಥ ಗಟ್ಟಿ ಪ್ಲಾಸ್ಟಿಕ್) ಹಲಗೆಯೋ ಜಿಪ್ ಇರುವ ವಿನೈಲ್ ಪರದೆಯೋ ಹಾಕದೆ ಉಳಿದ ಯಾವುದಕ್ಕೂ ಕೈಹಾಕಬೇಡಿ. ಬಾಗಿಲೇ ಇಲ್ಲದ ಗಾಡಿಯಲ್ಲೂ ಹಿಂದಿನ ಗೋಡೆಯೊಂದೇ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ತರುತ್ತದೆ. ಅದರ ಜೊತೆಗೆ, ಮುಂದಿನ ಗಾಜಿನಲ್ಲಿ ತೆರೆದು ಮುಚ್ಚುವ ಗಾಳಿಕಿಂಡಿಗಳಿದ್ದರೆ ಮುಂದೆ ಬೇರೆ ಗಾಡಿ ಇಲ್ಲದಾಗ ತೆರೆದಿಡಿ. ಎದುರು ಗಾಳಿಯ ಒತ್ತಡ ಪುಕ್ಕಟೆಯಾಗಿ ಒಳಗೆ ಬಂದು ಕ್ಯಾಬಿನ್ ಉಬ್ಬಿಸುತ್ತದೆ. ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸುವ ಅಭ್ಯಾಸ ಮಾತ್ರ ಇದಕ್ಕೆ ವಿರುದ್ಧ: ಪಕ್ಕದಲ್ಲಿ ವೇಗವಾಗಿ ಜಾರುವ ಗಾಳಿ ಒಳಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ, ಆ ಕೊರತೆ ತುಂಬಲು ನೆಲದ ತೂತುಗಳಿಂದ ಧೂಳು ಮೇಲೇಳುತ್ತದೆ. ಹಿಂದಿನ ಗಾಜಿನ ಜಾರುಕಿಟಕಿ ತೆರೆದರಂತೂ ಸುಳಿಗೆ ಬಾಗಿಲು ತೆಗೆದಂತೆ.

ತೂತು ಹುಡುಕುವ ಬಗೆ

ಕಣ್ಣಳತೆಯಲ್ಲಿ ಸಂದು ಹುಡುಕಿದರೆ ದೊಡ್ಡವು ಸಿಗುತ್ತವೆ, ಕೆಡುಕು ಮಾಡುವವು ಸಿಗುವುದಿಲ್ಲ. ಕತ್ತಲಾದ ಮೇಲೆ ಕ್ಯಾಬಿನ್ ಒಳಗೆ ಪ್ರಖರವಾದ ದೀಪವೊಂದನ್ನು ನೆಲಕ್ಕಿಟ್ಟು, ಬಾಗಿಲು ಮುಚ್ಚಿ, ಹೊರಗಿನಿಂದ ಸುತ್ತು ಬನ್ನಿ. ಬೆಳಕು ಸೋರುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಗಾಡಿಯ ಕೆಳಗೂ ತಲೆ ಹಾಕಿ ನೋಡಬೇಕು. ಪೆಡಲ್‌ಗಳ ಸುತ್ತ, ಸ್ಟೀರಿಂಗ್ ಕಂಬ ನೆಲದಲ್ಲಿ ಇಳಿಯುವ ಕಡೆ, ಗೇರ್ ಲಿವರಿನ ಸೀಳು, ಹ್ಯಾಂಡ್‌ಬ್ರೇಕ್ ಕೇಬಲ್, ವೈರಿಂಗ್ ಹಾದುಬರುವ ತೂತುಗಳು, ಸೀಟಿನ ಅಡಿಯ ಸರ್ವಿಸ್ ಮುಚ್ಚಳಗಳ ಅಂಚು, ನೀರು ಬಸಿಯುವ ತೂತಿನ ಬಿರಡೆ ಇವೆಲ್ಲ ಅಲ್ಲೇ ಬೆಳಗುತ್ತವೆ. ಬಿರಡೆ ಬಿದ್ದುಹೋಗಿರುವುದು ಬಹಳ ಗಾಡಿಗಳಲ್ಲಿ ಕಾಣುವ ಸಂಗತಿ. ತೊಳೆಯಲು ತೆಗೆದವರು ಮತ್ತೆ ಹಾಕಿರುವುದಿಲ್ಲ.

ಬೆಳಕು ನೇರವಾಗಿ ಮಾತ್ರ ಹೋಗುತ್ತದೆ, ಗಾಳಿ ತಿರುವಿನಲ್ಲೂ ನುಸುಳುತ್ತದೆ. ಹಾಗಾಗಿ ಬಾಗಿಲಿನ ಬೀಡಿಂಗ್‌ಗೆ, ಅಂದರೆ ಅಂಚಿನ ಸಂದು ಮುಚ್ಚುವ ರಬ್ಬರ್ ಪಟ್ಟಿಗೆ, ಬೇರೆ ಪರೀಕ್ಷೆ ಬೇಕು. ಬೀಡಿಂಗ್ ಒತ್ತುವ ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಉಜ್ಜಿ, ಬಾಗಿಲು ಒಮ್ಮೆ ಮುಚ್ಚಿ ತೆಗೆಯಿರಿ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ರಬ್ಬರ್ ತಾಗುತ್ತಿಲ್ಲ. ಕಾಗದದ ಪಟ್ಟಿಯನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆದರೂ ಆಗುತ್ತದೆ: ಬಿಗಿಯಾಗಿ ಬಂದರೆ ಸರಿ, ಸರಾಗವಾಗಿ ಜಾರಿದರೆ ಅಲ್ಲಿ ಧೂಳಿಗೆ ದಾರಿ.

ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಧೂಳೇ. ಒಳಗನ್ನು ಒದ್ದೆಬಟ್ಟೆಯಿಂದ ಚೊಕ್ಕಟ ಮಾಡಿ, ಅನುಮಾನವಿರುವ ಕಡೆಗಳಲ್ಲಿ ಬಿಳಿ ಮಾಸ್ಕಿಂಗ್ ಟೇಪಿನ ತುಂಡುಗಳನ್ನು ಅಂಟಿಸಿ, ಇಪ್ಪತ್ತು ನಿಮಿಷ ಓಡಿಸಿ. ಸಣ್ಣ ತೂತಿನಿಂದ ನುಗ್ಗಿದ ಗಾಳಿ ಧೂಳನ್ನು ಬೀಸಣಿಗೆಯ ಆಕಾರದಲ್ಲಿ ಹರಡುತ್ತದೆ. ಆ ಬೀಸಣಿಗೆಯ ಹಿಡಿ ಯಾವ ಕಡೆ ತೋರುತ್ತದೋ ತೂತು ಅಲ್ಲಿದೆ.

ಯಾವ ಸಂದಿಗೆ ಯಾವ ವಸ್ತು

ಇಲ್ಲಿ ಒಂದು ನಿಯಮವನ್ನು ಮರೆಯದಿದ್ದರೆ ಬಹಳ ದುಡಿಮೆ ಉಳಿಯುತ್ತದೆ. ಒಂದಕ್ಕೊಂದು ಅಲುಗಾಡದ ಭಾಗಗಳ ನಡುವೆ ಮಾತ್ರ ಅಂಟು ಅಥವಾ ಸಿಲಿಕೋನ್. ಅಲುಗಾಡುವ ಭಾಗಗಳ ನಡುವೆ ಟೊಳ್ಳು ಬೀಡಿಂಗ್ ಅಥವಾ ಫೋಮ್. ಛಾವಣಿ ಮತ್ತು ಪಂಜರದ ಕೊಳವೆಯ ನಡುವೆ ಸಿಲಿಕೋನ್ ಬಳಿದರೆ ಅದು ನಾಲ್ಕು ಹೊಂಡಗಳಲ್ಲಿ ಒಂದು ಬದಿಯಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗದಷ್ಟು ಸಣ್ಣ ಬಿರುಕು, ಧೂಳಿಗೆ ಮಾತ್ರ ಹೆದ್ದಾರಿ.

ಫೋಮ್ ಕೊಳ್ಳುವಾಗ ಮುಚ್ಚಿದ ಕಣಗಳ ಫೋಮ್ ಕೇಳಿ ಪಡೆಯಿರಿ. ಗುರುತಿಸುವುದು ಸುಲಭ: ತುಂಡೊಂದನ್ನು ನೀರಿನಲ್ಲಿ ಹಿಂಡಿ ಬಿಡಿ. ನೀರು ಹೀರಿ ಭಾರವಾದರೆ ಅದು ತೆರೆದ ಕಣಗಳ ಸ್ಪಂಜು. ಹಾಸಿಗೆಗೆ ಸರಿ, ಇಲ್ಲಿಗೆ ಬೇಡ. ಅದರ ಮೂಲಕ ಗಾಳಿ ಹಾಯುತ್ತದೆ, ಕೆಲವು ದಿನಗಳಲ್ಲಿ ಅದೇ ಧೂಳಿನ ಚೀಲವಾಗುತ್ತದೆ. ಮುಚ್ಚಿದ ಕಣಗಳ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಫೋಮ್ ಅನ್ನು ಅದರ ದಪ್ಪದ ಕಾಲು ಭಾಗದಿಂದ ಶೇ. 40ರವರೆಗೆ ಅದುಮುವಂತೆ ಆರಿಸಬೇಕು. ಸಂದು 4 ಮಿ.ಮೀ. ಇದ್ದರೆ 6 ಮಿ.ಮೀ. ದಪ್ಪದ ಪಟ್ಟಿ ಹಿಡಿಸುತ್ತದೆ. 10 ಮಿ.ಮೀ. ಪಟ್ಟಿ ಹಾಕಿದರೆ ಇನ್ನೂ ಭದ್ರವಾದೀತು ಎಂಬ ಲೆಕ್ಕ ತಪ್ಪು: ಬಾಗಿಲು ಲಾಕ್ ಆಗದು, ಬಲವಂತಕ್ಕೆ ಕೀಲು ಬಾಗುತ್ತದೆ, ಕೆಳಮೂಲೆ ಹೊರಕ್ಕೆ ಏಳುತ್ತದೆ. ಕೊನೆಗೆ ಮೇಲೆ ಮುಚ್ಚಿದ ಸಂದು ಕೆಳಗೆ ತೆರೆದುಕೊಳ್ಳುತ್ತದೆ. ಬಾಗಿಲಿಗೆ ಒಳ್ಳೆಯದು ಅಂಚಿಗೆ ಕಚ್ಚಿಕೊಳ್ಳುವ, ಪಕ್ಕದಲ್ಲಿ ಟೊಳ್ಳು ಗುಳ್ಳೆಯಿರುವ ರಬ್ಬರ್ ಬೀಡಿಂಗ್. ಅದನ್ನು ಹಾಕಿದ ಮೇಲೆ ಲಾಕಿನ ಕೊಂಡಿಯನ್ನು ಒಂದೆರಡು ಮಿ.ಮೀ. ಸರಿಸಿ ಹೊಂದಿಸಬೇಕಾಗುತ್ತದೆ.

ಎಂಜಿನ್ ಕಡೆಯ ಗೋಡೆಗೆ ಇಪಿಡಿಎಂ ಸಲ್ಲದು. ಪೆಟ್ರೋಲ್ ಮತ್ತು ಆಯಿಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಅಲ್ಲಿ ನೈಟ್ರೈಲ್ ಅಥವಾ ನಿಯೋಪ್ರೀನ್ ರಬ್ಬರ್, ಸೈಲೆನ್ಸರ್ ಕೊಳವೆಯ ಬಿಸಿ ತಟ್ಟುವ ಜಾಗದಲ್ಲಿ ಸಿಲಿಕೋನ್ ರಬ್ಬರ್. ಸೀಟಡಿಯ ಸರ್ವಿಸ್ ಮುಚ್ಚಳಗಳಿಗೆ ಅಂಚಿನುದ್ದಕ್ಕೂ 12 ಮಿ.ಮೀ. ಅಗಲದ ಫೋಮ್ ಪಟ್ಟಿ ಸಾಕು. ಪಟ್ಟಿಯ ಎರಡು ತುದಿ ಸೇರುವ ಕಡೆ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿ, ನೇರ ಕತ್ತರಿಸಿದರೆ ಅಲ್ಲೊಂದು ಕಿಂಡಿ ಉಳಿಯುತ್ತದೆ. ಗೇರ್ ಲಿವರಿಗೆ ಮಡಿಕೆಯ ರಬ್ಬರ್ ಬೂಟು. ಸೀಳು ಉದ್ದವಿದ್ದು ಬೂಟು ಕೂರದಿದ್ದರೆ ಎರಡು ಬದಿಯಿಂದ ಎದುರುಬದುರಾಗಿ ಬರುವ ಬ್ರಷ್ ಪಟ್ಟಿ. ವೈರ್ ಹಾಯುವ ತೂತಿಗೆ ಅಳತೆಯ ಗ್ರಾಮೆಟ್ (ರಬ್ಬರ್ ಬಳೆ), ಅದರೊಳಗಿನ ಉಳಿದ ಸಂದಿಗೆ ಅಂಟಂಟಾದ ಬ್ಯೂಟೈಲ್ ರಬ್ಬರ್ ಟೇಪನ್ನು ಕಣಕದಂತೆ ನಾದಿ ತುಂಬುವುದು. ಉಬ್ಬುವ ಸ್ಪ್ರೇ ಫೋಮ್ ಬೇಡವೇ ಬೇಡ. ಒಂದು ವೈರ್ ಬದಲಿಸಬೇಕೆಂದರೆ ಇಡೀ ಗಂಟನ್ನು ಕೆತ್ತಬೇಕು, ಮೇಲಾಗಿ ಅದು ಬೆಂಕಿ ಹಿಡಿಯುತ್ತದೆ.

ಅಂಟು ಕಿತ್ತುಬರುವುದಕ್ಕೆ ಬಹುಪಾಲು ಕಾರಣ ಅಂಟು ಹಚ್ಚಿದ ಮೈ. ಗಾಡಿಯ ನೆಲ, ಒಳಪಟ್ಟಿಗಳು ಬಹುತೇಕ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್‌ಗಳ ಮೇಲೆ ಮಾಮೂಲು ಅಂಟು ನಿಲ್ಲದು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿದ ಮೇಲೆ ಇಂಥ ಪ್ಲಾಸ್ಟಿಕ್‌ಗೆಂದೇ ಬರುವ ಪ್ರೈಮರ್ ತೆಳ್ಳಗೆ ಬಳಿದು ಪಟ್ಟಿ ಅಂಟಿಸಿದರೆ ಹಿಡಿಯುತ್ತದೆ. ಪ್ರೈಮರ್ ಸಿಗದಿದ್ದರೆ ಅಂಟಿನ ಮೇಲೆ ಭರವಸೆ ಇಡದೆ ಬ್ಯೂಟೈಲ್ ಬಳಸಿ, ಜೊತೆಗೆ ಕ್ಲಿಪ್ ಅಥವಾ ರಿವೆಟ್ ಹಾಕುವುದು ಲೇಸು.

ಪಾಲಿಕಾರ್ಬೊನೇಟ್ ಗಾಜಿನ ವಿಷಯದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ಬೋಲ್ಟಿನ ತೂತನ್ನು ಬೋಲ್ಟಿನಷ್ಟೇ ಕೊರೆಯುವುದು. 1.4 ಮೀಟರ್ ಅಗಲದ ಹಲಗೆ ಬೆಳಗಿನ ತಂಪಿನಿಂದ ಸುಡುಬಿಸಿಲಿಗೆ 40 ಡಿಗ್ರಿ ಏರಿದರೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ. ತೂತು ದೊಡ್ಡದಿದ್ದು ರಬ್ಬರ್ ವಾಷರ್ ಇದ್ದರೆ ಆ ಹಿಗ್ಗಿಗೆ ಜಾಗವಿರುತ್ತದೆ, ಇಲ್ಲದಿದ್ದರೆ ತೂತಿನಿಂದ ನಕ್ಷತ್ರದಂತೆ ಬಿರುಕು. ಎರಡು, ನಟ್ಟು ಸಡಿಲವಾಗದಿರಲೆಂದು ಥ್ರೆಡ್‌ಲಾಕರ್ ದ್ರವ ಹಾಕುವುದು. ಅದು ಪಾಲಿಕಾರ್ಬೊನೇಟಿಗೆ ತಾಗಿದರೆ ಒಳಗಿಂದೊಳಗೇ ಸೀಳಿಬಿಡುತ್ತದೆ. ಬದಲಿಗೆ ನೈಲಾನ್ ಇರುವ ಲಾಕ್‌ನಟ್ ಬಳಸಬೇಕು. ಮೂರು, ಅಸಿಟೋನ್, ಪೆಟ್ರೋಲ್ ಅಥವಾ ಅಮೋನಿಯಾ ಇರುವ ಗಾಜಿನ ಕ್ಲೀನರಿನಿಂದ ಒರೆಸುವುದು. ಸಾಬೂನು ನೀರು ಹೇರಳವಾಗಿ ಸುರಿದು ಧೂಳು ಹರಿದುಹೋದ ಮೇಲೆ ಮೆತ್ತನೆ ಬಟ್ಟೆ ತಾಗಿಸಿ. ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಮರಳುಕಾಗದ ಎಳೆದಂತೆಯೇ.

ಪಂಜರದ ಕೊಳವೆಗೆ ಮಾತ್ರ ಯಾವ ಕಾರಣಕ್ಕೂ ತೂತು ಕೊರೆಯಬೇಡಿ. ಗಾಡಿ ಮಗುಚಿದಾಗ ಒಳಗಿರುವವರ ಜೀವ ಕಾಯುವುದು ಅದೇ. ಏನೇ ಬಿಗಿಯುವುದಿದ್ದರೂ ಸುತ್ತು ಹಿಡಿಯುವ ಕ್ಲಾಂಪ್.

ಕ್ಯಾಬಿನ್ ಉಬ್ಬಿಸುವುದು

ಬ್ಲೋವರಿನಿಂದ, ಅಂದರೆ ಗಾಳಿ ಊದುವ ಫ್ಯಾನಿನಿಂದ, ಸೋಸಿದ ಗಾಳಿ ತುಂಬಿ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕೊಂಚ ಹೆಚ್ಚು ಇಡುವುದೇ ಕ್ಯಾಬಿನ್ ಉಬ್ಬಿಸುವುದು. ಎರಡು ಬಾಗಿಲುಗಳ ಸುತ್ತಳತೆ ಒಟ್ಟು ಎಂಟು ಮೀಟರ್ ಎಂದಿಟ್ಟುಕೊಳ್ಳಿ. ಸುತ್ತಲೂ 3 ಮಿ.ಮೀ. ಸಂದು ಇದ್ದರೆ ಕೂಡಿಸಿದಾಗ ಅದು 240 ಚದರ ಸೆಂ.ಮೀ., ಅಂದರೆ ನೋಟ್‌ಬುಕ್ಕಿನ ಹಾಳೆಯಷ್ಟು ದೊಡ್ಡ ಕಿಟಕಿ. ಬೀಡಿಂಗ್ ಹಾಕಿ ಅದನ್ನು ಸರಾಸರಿ 1 ಮಿ.ಮೀ.ಗೆ ಇಳಿಸಿದರೆ 80 ಚದರ ಸೆಂ.ಮೀ. ಉಳಿಯುತ್ತದೆ. ಉಳಿದ ಸಣ್ಣಪುಟ್ಟ ತೂತು ಸೇರಿ 100 ಎನ್ನೋಣ. ಈ 100 ಚದರ ಸೆಂ.ಮೀ. ಸಂದುಗಳಿಂದ ಗಾಳಿ ಸೋರುತ್ತಿರುವಾಗ ಒಳಗೆ 25 ಪಾಸ್ಕಲ್ ಹೆಚ್ಚುವರಿ ಒತ್ತಡ ನಿಲ್ಲಿಸಲು ಗಂಟೆಗೆ ಸುಮಾರು 140 ಘನ ಮೀಟರ್ ಗಾಳಿ ತುಂಬುತ್ತಿರಬೇಕು. 50 ಪಾಸ್ಕಲ್‌ಗೆ ಸುಮಾರು 200. ಸಂದು ಹಳೆಯ 240ರಲ್ಲೇ ಇದ್ದು ಬೇರೆ ತೂತುಗಳೂ ಸೇರಿದ್ದರೆ ಬೇಕಾಗುವ ಗಾಳಿ ಎರಡೂವರೆ ಪಟ್ಟು. ಅಷ್ಟು ಗಾಳಿಯನ್ನು ಫಿಲ್ಟರ್ ಮೂಲಕ ಎಳೆಯಬಲ್ಲ ಬ್ಲೋವರ್ ಈ ಗಾತ್ರದ ಗಾಡಿಯಲ್ಲಿ ಹಿಡಿಸದು. ಮೊದಲು ಬೀಡಿಂಗ್, ಆಮೇಲೆ ಬ್ಲೋವರ್ ಎನ್ನುವುದು ಇದಕ್ಕೇ.

25 ಪಾಸ್ಕಲ್ ಗಂಟೆಗೆ 23 ಕಿ.ಮೀ. ವೇಗದ ಗಾಳಿಯ ಹೊಡೆತಕ್ಕೆ ಸಮ, 50 ಪಾಸ್ಕಲ್ 33 ಕಿ.ಮೀ.ಗೆ. ಗಾಡಿ ಅದಕ್ಕಿಂತ ಜೋರಾಗಿ ಓಡುತ್ತದಲ್ಲ ಎಂದು ಕೇಳಬಹುದು. ಪೂರ್ತಿ ಹೊಡೆತ ಬೀಳುವುದು ಮುಂದಿನ ಮುಖಕ್ಕೆ ಮಾತ್ರ; ಧೂಳು ದಟ್ಟವಾಗಿರುವ ಪಕ್ಕ, ಹಿಂಬದಿ, ತಳಗಳಲ್ಲಿ ಅಷ್ಟಿರುವುದಿಲ್ಲ. ಹಾಗಾಗಿ 25 ಸಿಕ್ಕರೆ ಮೆಚ್ಚಬೇಕು, 50 ಸಿಕ್ಕರೆ ಹಬ್ಬ ಮಾಡಬೇಕು.

ಬ್ಲೋವರ್ ಎಂದರೆ 12 ವೋಲ್ಟಿನ, ದೋಣಿಗಳ ಎಂಜಿನ್ ಕೋಣೆಗೆ ಬಳಸುವಂಥ ಕೊಳವೆ ಬ್ಲೋವರ್ ಅಥವಾ ಅಳಿಲುಗೂಡಿನಂಥ ಚಕ್ರವಿರುವ ಸೆಂಟ್ರಿಫ್ಯೂಗಲ್ ಬ್ಲೋವರ್. ಡಬ್ಬಿಯ ಮೇಲಿನ ಅಂಕಿ ತೆರೆದ ಗಾಳಿಯಲ್ಲಿ ಅಳೆದದ್ದು. 75 ಮಿ.ಮೀ. ಬಾಯಿಯ ಕೊಳವೆ ಬ್ಲೋವರ್ ಗಂಟೆಗೆ 200 ಘನ ಮೀಟರ್ ಎಂದು ಬರೆದುಕೊಂಡಿದ್ದರೆ ಫಿಲ್ಟರು, ಡಕ್ಟು, ಎರಡು ತಿರುವುಗಳ ನಂತರ ಅರ್ಧವೂ ಬರದಿರಬಹುದು. ಫಿಲ್ಟರ್ ಕಟ್ಟುತ್ತಾ ಹೋದಂತೆ ಕೊಳವೆ ಬ್ಲೋವರ್ ಬೇಗ ಸೋಲುತ್ತದೆ, ಸೆಂಟ್ರಿಫ್ಯೂಗಲ್ ತಾಳಿಕೊಳ್ಳುತ್ತದೆ. ಜಾಗ ಇದ್ದರೆ ಎರಡನೆಯದನ್ನೇ ಆರಿಸಿ, ಬೇಕಾದ ಗಾಳಿಯ ಎರಡು ಪಟ್ಟು ಸಾಮರ್ಥ್ಯದ್ದನ್ನು ತನ್ನಿ. ಇಗ್ನಿಷನ್ ಆನ್ ಆದಾಗ ತಾನೇ ತಿರುಗುವಂತೆ ರಿಲೇ ಮೂಲಕ ಕೊಡಿ. ನೆನಪಾದಾಗ ಸ್ವಿಚ್ ಹಾಕುವ ಬ್ಲೋವರ್, ಧೂಳು ಒಳಗೆ ಬಂದ ಮೇಲೆ ನೆನಪಾಗುವ ಬ್ಲೋವರ್. ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ಕಡಿಮೆ ಇರುವುದರಿಂದ ದೀಪ, ವಿಂಚ್ ಎಲ್ಲ ಸೇರಿ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿ.

ಗಾಳಿ ಎಲ್ಲಿಂದ ಎಳೆಯಬೇಕು? ಧೂಳಿನ ಒರಟು ಪಾಲು ಕೆಳಗೇ ಉಳಿಯುತ್ತದೆ. 50 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಕಣ ಅಲುಗದ ಗಾಳಿಯಲ್ಲಿ ಒಂದೂವರೆ ಮೀಟರಿನಿಂದ ಏಳೆಂಟು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 10 ಮೈಕ್ರಾನಿನದಕ್ಕೆ ಮೂರು ನಿಮಿಷ, 3 ಮೈಕ್ರಾನಿನದಕ್ಕೆ ಅರ್ಧ ಗಂಟೆಗೂ ಹೆಚ್ಚು. ಶ್ವಾಸಕೋಶದ ಆಳಕ್ಕಿಳಿಯುವುದು ಈ ಕೊನೆಯ ಗುಂಪು. ಮಣ್ಣಿನಲ್ಲಿ ಸ್ಫಟಿಕ ಸಿಲಿಕಾ ಇದ್ದರೆ ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದೂ ಇದೇ. ಆದ್ದರಿಂದ ಗಾಳಿಯ ಬಾಯಿ ಎತ್ತರದಲ್ಲಿರಲಿ, ಛಾವಣಿಯ ಮುಂದಿನ ಭಾಗದಲ್ಲಿರಲಿ. ಬಾನೆಟ್ ಅಡಿಯಲ್ಲಿ ಇಟ್ಟರೆ ರೇಡಿಯೇಟರಿನ ಬಿಸಿ, ಮುಂದಿನ ಚಕ್ರದ ಧೂಳು ಎರಡೂ ಬರುತ್ತವೆ. ಕ್ಯಾಬಿನ್ ಹಿಂದೆ ಇಟ್ಟರೆ ಸುಳಿಯ ನಡುವಿನಿಂದಲೇ ಎಳೆದಂತೆ.

ಬಾಯಿಗೆ ಮೊದಲು ಗಾಳಿಯನ್ನು ಗಿರಗಿರ ತಿರುಗಿಸಿ ಒರಟು ಧೂಳು ಹೊರಗೆಸೆಯುವ ಪ್ರೀ-ಕ್ಲೀನರ್, ಅದರ ಹಿಂದೆ ಮಡಿಕೆ ಫಿಲ್ಟರ್. ಪ್ರೀ-ಕ್ಲೀನರ್ ಸಣ್ಣ ಕಣ ಹಿಡಿಯದು, ಆದರೆ ಫಿಲ್ಟರಿನ ಆಯಸ್ಸು ಹೆಚ್ಚಿಸುತ್ತದೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್ ಎಂಜಿನ್ನಿಗೆ ಸರಿ, ಮನುಷ್ಯರ ಉಸಿರಿಗೆ ಬೇಡ. ಫಿಲ್ಟರ್ ಆದಷ್ಟು ದೊಡ್ಡದಿರಲಿ: ಮಡಿಕೆಯ ವಿಸ್ತೀರ್ಣ ಎರಡರಷ್ಟಾದರೆ ಗಾಳಿಗೆ ಅಡ್ಡಿ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಕಟ್ಟುವುದೂ ತಡವಾಗುತ್ತದೆ.

ಬ್ಲೋವರ್ ಯಾವಾಗಲೂ ಫಿಲ್ಟರಿನ ನಂತರ ಇರುತ್ತದೆ ಎಂದಾದರೆ, ಇವೆರಡರ ನಡುವಿನ ಪ್ರತಿ ಜೋಡಣೆಯೂ ಹೀರುವ ಬದಿ. ಅಲ್ಲಿ ಪೆನ್ಸಿಲ್ ಮೊನೆಯಷ್ಟು ತೂತಿದ್ದರೂ ಸೋಸದ ಧೂಳು ನೇರ ಒಳಗೆ. ಎಷ್ಟು ಒಳ್ಳೆಯ ಫಿಲ್ಟರ್ ಹಾಕಿದರೂ ಧೂಳು ಬರುತ್ತಿದೆ ಎನ್ನುವ ಕಡೆ ಮೊದಲು ನೋಡಬೇಕಾದದ್ದು ಇದನ್ನೇ. ಫಿಲ್ಟರಿನ ಹಿಂಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಇಡೀ ಮೈ ಚೊಕ್ಕಟವಾಗಿದ್ದು ಅಂಚಿನ ಗ್ಯಾಸ್ಕೆಟ್ ಬಳಿ ಒಂದು ಕಂದು ನಾಲಿಗೆ ಕಂಡರೆ ಧೂಳು ಫಿಲ್ಟರನ್ನು ಸುತ್ತಿಕೊಂಡು ಬರುತ್ತಿದೆ. ಗ್ಯಾಸ್ಕೆಟ್ಟಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ, ಹೋಸ್ ಕ್ಲಾಂಪ್‌ಗಳನ್ನು ಬಿಗಿ ಮಾಡಿ. ಕಾಗದದ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಬಳಸುವವರು ಹಲವರು. ಜೋರು ಗಾಳಿ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತದೆ. ಮೆಲ್ಲಗೆ ತಟ್ಟಿ ಒರಟು ಧೂಳು ಉದುರಿಸಬಹುದು, ಅಷ್ಟೇ.

ಗಾಳಿ ಒಳಗೆ ಬೀಳುವ ಬಾಯಿ ಎದೆಯ ಮಟ್ಟಕ್ಕಿಂತ ಮೇಲಿರಲಿ. ನೆಲಕ್ಕೆ ಗಾಳಿ ಬಿಟ್ಟರೆ ಬೂಟಿನಿಂದ ಉದುರಿದ ಮಣ್ಣು ಮತ್ತೆ ಮೇಲೇಳುತ್ತದೆ. ನೆಲಕ್ಕೆ ಕಾರ್ಪೆಟ್ ಬೇಡ, ಎತ್ತಿ ಒದರಬಹುದಾದ ರಬ್ಬರ್ ಮ್ಯಾಟ್ ಸಾಕು.

ಎಸಿ ಇರುವ ಗಾಡಿಗಳದ್ದು ಬೇರೆ ಕಥೆ. ಹಲವು ಎಸಿ ಕಿಟ್‌ಗಳು ಒಳಗಿನ ಗಾಳಿಯನ್ನೇ ಸುತ್ತಿಸುತ್ತವೆ, ಹೊರಗಿನ ಗಾಳಿಗೆ ಬಾಯಿಯೇ ಇರುವುದಿಲ್ಲ. ಗಾಳಿ ತಣ್ಣಗಾಗುತ್ತದೆ, ಒತ್ತಡ ಮಾತ್ರ ಏರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹೀರುವ ಬಾಯಿ ಡ್ಯಾಶ್‌ಬೋರ್ಡಿನ ಅಡಿಯಲ್ಲೋ ಸೀಟಿನ ಕೆಳಗೋ ಇದ್ದು ಸುತ್ತಲ ಪ್ಲಾಸ್ಟಿಕ್ ಸಡಿಲವಿದ್ದರೆ ಹೊರಗಿನ ಧೂಳನ್ನೇ ಎಳೆದು, ತಣ್ಣಗಿನ ಒದ್ದೆ ಕಾಯಿಲ್ ಮೇಲೆ ಕೆಸರಾಗಿ ಮೆತ್ತುತ್ತದೆ. ಹೀರುವ ಬಾಯಿಗೆ ಪ್ರತ್ಯೇಕ ಫಿಲ್ಟರ್ ಹಾಕಿ, ಹೊರಗಿನಿಂದ ಸೋಸಿದ ಗಾಳಿಯ ಬ್ಲೋವರ್ ಬೇರೆಯಾಗಿಯೇ ಓಡಲಿ. ಒಳಗಿನ ಗಾಳಿಯೂ ಸೋಸಿ ಸುತ್ತುತ್ತಿದ್ದರೆ ಬಾಗಿಲು ತೆಗೆದಾಗ ಬಂದ ಧೂಳು ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ.

ಮುಚ್ಚಬಾರದ ತೂತುಗಳು

ಮುಚ್ಚುವ ಹುರುಪಿನಲ್ಲಿ ಎಂಜಿನ್ ಮತ್ತು ಬೆಲ್ಟ್ ಡ್ರೈವಿನ ಗಾಳಿಬಾಯಿಗಳನ್ನು ಮುಚ್ಚಿದರೆ ಧೂಳಿಗಿಂತ ದೊಡ್ಡ ನಷ್ಟ. ಎಂಜಿನ್ನಿನ ಬಲವನ್ನು ಚಕ್ರಗಳ ಕಡೆಗೆ ಸಾಗಿಸುವ ಬೆಲ್ಟ್ ಡ್ರೈವ್ ಗಾಳಿಯಿಂದಲೇ ತಣ್ಣಗಾಗುವುದು. ಅದು ಉಸಿರುಗಟ್ಟಿದರೆ ಬೆಲ್ಟ್ ಸುಟ್ಟು ಹರಿಯುತ್ತದೆ. ಪೆಟ್ರೋಲ್ ಟ್ಯಾಂಕಿನ ಉಸಿರುಕೊಳವೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳ ಬ್ರೀದರ್‌ಗಳನ್ನೂ (ಗಾಳಿಯಾಡುವ ಕಿಂಡಿಗಳು) ಮುಟ್ಟಬೇಡಿ. ನೀರು ಬಸಿಯುವ ತೂತಿಗೆ ತೆಗೆದು ಹಾಕಬಹುದಾದ ಬಿರಡೆಯೇ ಸರಿ, ಸಿಲಿಕೋನ್ ಸುರಿದು ಮುಚ್ಚಬಾರದು.

ಇನ್ನೊಂದು ಜೀವದ ಮಾತು. ತೆರೆದ ಗಾಡಿಯಲ್ಲಿ ಸೈಲೆನ್ಸರ್ ಜೋಡಣೆ ಸ್ವಲ್ಪ ಸೋರಿದರೂ ಹೊಗೆ ಗಾಳಿಗೆ ಹಾರಿಹೋಗುತ್ತದೆ. ಮುಚ್ಚಿದ ಕ್ಯಾಬಿನ್‌ನಲ್ಲಿ ಅದೇ ಸೋರಿಕೆ ಕಾರ್ಬನ್ ಮೊನಾಕ್ಸೈಡ್ ತುಂಬಿಸಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕ್ಯಾಬಿನ್ ಮುಚ್ಚುವ ಮೊದಲು ಸೈಲೆನ್ಸರಿನ ಗ್ಯಾಸ್ಕೆಟ್‌ಗಳನ್ನು ನೋಡಿಸಿ, ಬ್ಲೋವರಿನ ಬಾಯನ್ನು ಹೊಗೆಕೊಳವೆಯಿಂದ ದೂರ ಇಡಿ, ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಒಳಗೆ ತೂಗುಹಾಕಿ. ಇದರಲ್ಲಿ ಉಳಿತಾಯ ಬೇಡ.

ಹೊರಗಿನ ಧೂಳನ್ನೇ ಕಡಿಮೆ ಮಾಡುವುದಕ್ಕೂ ದಾರಿಯಿದೆ. ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಇಣುಕಿದಷ್ಟೂ ಧೂಳು ಬಾಗಿಲಿನ ಎತ್ತರಕ್ಕೆ ಏಳುತ್ತದೆ. ಅಗಲದ ಟೈರ್ ಹಾಕಿದವರು ಮಡ್‌ಗಾರ್ಡ್ ಅಂಚನ್ನೂ ಅಗಲಿಸಬೇಕು. ಮುಂದಿನ ಚಕ್ರದ ಹಿಂದೆ ಉದ್ದನೆಯ ಮಡ್‌ಫ್ಲಾಪ್ ಇದ್ದರೆ ನೆಲದ ತೂತುಗಳ ಮೇಲಿನ ಹೊರೆಯೇ ಇಳಿಯುತ್ತದೆ. ಸಾಲಾಗಿ ಹೋಗುವಾಗ ಮುಂದಿನ ಗಾಡಿಯ ಧೂಳು ಅಡ್ಡಗಾಳಿಗೆ ಪಕ್ಕಕ್ಕೆ ಸರಿಯುವವರೆಗೆ ಅಂತರ ಬಿಡಿ. ಗಾಳಿ ಇಲ್ಲದ ಸಂಜೆ ಆ ಅಂತರ ಎಷ್ಟು ಬಿಟ್ಟರೂ ಸಾಲದು.

ಅಳೆಯುವ ಕೊಳವೆ

ಒತ್ತಡ ಬಂದಿದೆಯೋ ಇಲ್ಲವೋ ಎಂದು ಊಹಿಸುತ್ತಾ ಕೂರಬೇಕಿಲ್ಲ. ಬ್ಲೋವರ್ ಹಾಕಿ, ಊದುಬತ್ತಿಯ ಹೊಗೆಯನ್ನು ಒಳಗಿನಿಂದ ಬಾಗಿಲ ಸಂದಿಗೆ ಹಿಡಿದರೆ ಹೊಗೆ ಹೊರಕ್ಕೆ ಸೆಳೆದುಕೊಳ್ಳಬೇಕು; ಒಳಕ್ಕೆ ಬಾಗಿದರೆ ಅಲ್ಲಿ ಸೋತಿದ್ದೀರಿ. ಅಂಕಿ ಬೇಕಿದ್ದರೆ ಅಗಲ ಬಾಯಿಯ ಸಣ್ಣ ಡಬ್ಬಿಯೊಂದಕ್ಕೆ ಬಣ್ಣದ ನೀರು, ಒಂದು ತೊಟ್ಟು ಸಾಬೂನು ಹಾಕಿ. ಡಬ್ಬಿಯ ತಳದಿಂದ 5–6 ಮಿ.ಮೀ. ಒಳವ್ಯಾಸದ ಪಾರದರ್ಶಕ ಕೊಳವೆ ಹೊರಡಿಸಿ, 30 ಸೆಂ.ಮೀ. ಉದ್ದಕ್ಕೆ 3 ಸೆಂ.ಮೀ. ಏರುವಂತೆ ಓರೆಯಾಗಿ ಹಲಗೆಗೆ ಕಟ್ಟಿ. ಕೊಳವೆಯ ಮೇಲಿನ ತುದಿಗೆ ತೆಳು ಹೋಸ್ ಸಿಕ್ಕಿಸಿ ಬಾಗಿಲ ಬೀಡಿಂಗ್ ಸಂದಿಯಿಂದ ಹೊರಗೆ ಬಿಡಿ; ಡಬ್ಬಿಯ ಬಾಯಿ ಕ್ಯಾಬಿನ್ ಒಳಗೆ ತೆರೆದಿರಲಿ. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರಲಿ. ಬ್ಲೋವರ್ ನಿಂತಿದ್ದಾಗ ನೀರಿನ ಮಟ್ಟಕ್ಕೆ ಗುರುತು ಹಾಕಿ, ನಂತರ ಓಡಿಸಿ. ಒಳಗಿನ ಒತ್ತಡ ನೀರನ್ನು ಕೊಳವೆಯಲ್ಲಿ ಮೇಲಕ್ಕೆ ನೂಕುತ್ತದೆ. ನೇರ ಎತ್ತರದಲ್ಲಿ 1 ಮಿ.ಮೀ. ನೀರು ಎಂದರೆ ಸುಮಾರು 10 ಪಾಸ್ಕಲ್. ಈ ಓರೆಯಲ್ಲಿ ಅದೇ 1 ಸೆಂ.ಮೀ. ಆಗಿ ಕಾಣುತ್ತದೆ. ನೀರು ಎರಡೂವರೆ ಸೆಂ.ಮೀ. ಸರಿದರೆ 25 ಪಾಸ್ಕಲ್.

ಹೊಸ ಫಿಲ್ಟರ್ ಇದ್ದ ದಿನದ ಅಂಕಿಯನ್ನು ಛಾವಣಿಯ ಒಳಬದಿಗೆ ಬರೆದಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಅಂಕಿ ಇಳಿದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಎಲ್ಲೋ ಬೀಡಿಂಗ್ ಕಿತ್ತಿದೆ. ಯಾವುದೆಂದು ತಿಳಿಯಲು, ಧೂಳಿಲ್ಲದ ಜಾಗದಲ್ಲಿ ನಿಲ್ಲಿಸಿ ಫಿಲ್ಟರ್ ತೆಗೆದು ಒಂದು ನಿಮಿಷ ಬ್ಲೋವರ್ ಓಡಿಸಿ. ಒತ್ತಡ ಚೆನ್ನಾಗಿ ಏರಿ ಹಳೆಯ ಅಂಕಿಯನ್ನು ದಾಟಿದರೆ ಫಿಲ್ಟರ್ ಬದಲಿಸಿ. ಏರದಿದ್ದರೆ ಮತ್ತೆ ಕತ್ತಲಲ್ಲಿ ದೀಪ ಹಿಡಿದು ಸಂದು ಹುಡುಕಬೇಕು. ಯಾವ ಕಾರಣವೂ ಇಲ್ಲದೆ ಅಂಕಿ ಒಮ್ಮೆಲೇ ಹಿಂದಿಗಿಂತ ಮೇಲೇರಿದ್ದರೆ ಖುಷಿಪಡದೆ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ: ಕಾಗದ ಹರಿದಿರುತ್ತದೆ, ಇಲ್ಲವೇ ಫಿಲ್ಟರ್ ತನ್ನ ಜಾಗದಿಂದ ಜಾರಿರುತ್ತದೆ.